ಹರಗಿದ ಹೊಲದಲ್ಲಿ ಹದಿನೆಂಟು ಪೌಂಡ್ ಹವಾ

ಫೋನು ಬಂದದ್ದು ಬೆಳಗಿನ ಚಹದ ಹೊತ್ತಿಗೆ. ಆಗ ನಾವು ಬಸವನ ಬಾಗೇವಾಡಿಯ ಹೊರಗೆ, ನಮ್ಮ ಇಲಾಖೆಯ ಆಫೀಸಿನ ಹಿಂದಿನ ಬಯಲಿನಲ್ಲಿ ಬಿಡಾರ ಹೂಡಿದ್ದೆವು. ಹೊಸ ಬಾವಿ ತೋಡುವಾಗ ಕಲ್ಲು ಹತ್ತಿದರೆ ಅದನ್ನು ಕೊರೆದು, ಮದ್ದು ತುಂಬಿ ಒಡೆಯುವುದು ನಮ್ಮ ತಂಡದ ಕೆಲಸ. ನಾಲ್ಕು ಗಾಲಿಯ ಟ್ರೇಲರಿನ ಮೇಲೆ ಕೂರಿಸಿದ ಒಂದು ಕಂಪ್ರೆಸರ್, ಅದನ್ನು ಎಳೆಯಲು ಒಂದು ಲಾರಿ, ಆ ಕಂಪ್ರೆಸರಿನ ಗಾಳಿಯಿಂದ ಓಡುವ ಡ್ರಿಲ್ಲು. ಇಷ್ಟೇ ನಮ್ಮ ಸಂಸಾರ. ಲಾರಿ ಓಡಿಸುವವನು ನಾನು. ಡ್ರಿಲ್ಲು ಹಿಡಿಯುವವರು ಇಂಡಿ ಕಡೆಯ ಹಿರಿಯರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ನಮ್ಮಿಬ್ಬರ ಮೇಲೆ ಒಬ್ಬರು ಓವರ್ಸಿಯರರು, ಮುದ್ದೇಬಿಹಾಳದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆ ದಿನ ಅವರು ಆಫೀಸಿನಿಂದ ಓಡುತ್ತಲೇ ಬಂದರು.

"ಸಿಂದಗಿಯಿಂದ ಫೋನ್ ಬಂದೈತಿ. ಯಂಕಂಚಿ ಸೀಮ್ಯಾಗ ಬಾವಿ ತೋಡೂ ಮನಷ್ಯಾನ ಕಾಲ ಮ್ಯಾಲ ಕಲ್ಲ ಬಿದ್ದೈತಂತ. ಜೀವ ಐತಿ. ಕಲ್ಲ ಅಳ್ಳಾಡವಲ್ದು. ಮಷಿನ್ ಬೇಕಂತ."

ಚಾಚಾ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟರು. "ಎಷ್ಟ ದೊಡ್ಡ ಕಲ್ಲಂತ್ರಿ?"

"ಎತ್ತಿನಷ್ಟ ಐತಿ ಅಂದ್ರು."

ಚಾಚಾ ಎದ್ದರು. ಡ್ರಿಲ್ಲಿನ ಕಬ್ಬಿಣದ ಸಲಾಕೆಗಳನ್ನು ಗೋಣಿಚೀಲದಲ್ಲಿ ಸುತ್ತತೊಡಗಿದರು. ಕಲ್ಲಿನ ಕೆಳಗೆ ಮನುಷ್ಯ ಇರುವಾಗ ಮದ್ದು ಹಾಕಿ ಒಡೆಯುವಂತಿಲ್ಲ. ಹಾರೆ ಹಾಕಿ ಮೀಟಿದರೆ ಕಲ್ಲು ಯಾವ ಕಡೆಗೆ ಮಗುಚುತ್ತದೆಂದು ಹೇಳಲಾಗದು. ಸಾಲಾಗಿ ತೂತು ಕೊರೆದು, ತೂತುಗಳಲ್ಲಿ ಕಬ್ಬಿಣದ ಬೆಣೆ ಬಡಿದು, ಅದನ್ನು ಸದ್ದಿಲ್ಲದೆ ಎರಡು ಮಾಡಬೇಕು. ಕೈಯಿಂದ ಕೊರೆಯಲು ಹೋದರೆ ಎರಡು ದಿನದ ಕೆಲಸ. ಯಂತ್ರವಿದ್ದರೆ ಒಂದು ತಾಸು.

ನಾನು ಹವಾ ಅಳೆಯುವ ಗೇಜು ತೆಗೆದುಕೊಂಡು ಟಾಯರುಗಳ ಸುತ್ತ ಹೊರಟೆ. ಹೊರಡುವ ಅವಸರದಲ್ಲಿ ಇದೇನು ಎಂಬಂತೆ ಓವರ್ಸಿಯರರು ನೋಡಿದರು, ಆದರೆ ತಡೆಯಲಿಲ್ಲ. ನಮ್ಮ ಕಡೆಯ ಖಡಿ ರಸ್ತೆ ಎಂದರೆ ಆಗ ಹಾಸಿದ ಕಲ್ಲಿನ ಮೊನೆಗಳೆಲ್ಲ ಮೇಲೆದ್ದಿರುತ್ತಿದ್ದವು. ಅಂಥ ರಸ್ತೆಯಲ್ಲಿ ಮೆತ್ತಗಿನ ಟಾಯರು ಭಾರ ಹೊತ್ತು ಜೋರಾಗಿ ಓಡಿದರೆ ಅದರ ಮಗ್ಗುಲು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಕಾಯುತ್ತದೆ. ಒಳಗಿನ ಟೂಬು ಕಾದು ಹಳೆಯ ತೇಪೆಗಳೆಲ್ಲ ಬಿಟ್ಟುಕೊಳ್ಳುತ್ತವೆ. ಹೆಚ್ಚು ಗಟ್ಟಿ ಮಾಡಿದರೆ ಟಾಯರು ಕಲ್ಲಿನ ಮೊನೆಗೆ ಬಗ್ಗುವುದಿಲ್ಲ, ಸೀಳಿಸಿಕೊಳ್ಳುತ್ತದೆ. ಲಾರಿಯ ಹಿಂದಿನ ಗಾಲಿಗಳಲ್ಲಿ ಅರವತ್ತೈದು ಪೌಂಡ್ ಇತ್ತು, ಹಾಗೇ ಬಿಟ್ಟೆ. ಟ್ರೇಲರಿನಲ್ಲಿ ಐವತ್ತಿತ್ತು, ಯಂತ್ರ ಪುಟಿದು ಲಾರಿಗೆ ಸಿಕ್ಕಿಸಿದ ಎಳೆಗೂಟಕ್ಕೆ ಪೆಟ್ಟಾಗಬಾರದೆಂದು ಸ್ವಲ್ಪ ಇಳಿಸಿದೆ.

ದೇವರ ಹಿಪ್ಪರಗಿ ಇನ್ನೂ ದೂರವಿರುವಾಗಲೇ ಟ್ರೇಲರಿನ ಒಂದು ಟಾಯರು ಹೋಯಿತು. ಟೂಬು ತೂತಾದದ್ದಲ್ಲ, ಟಾಯರೇ ಕೈ ಹೋಗುವಷ್ಟು ಸೀಳಿತ್ತು. ಇದ್ದ ಒಂದೇ ಸ್ಟೆಪ್ನಿ ಹಾಕಿದೆವು. ಲಾರಿಯ ಸ್ಟೆಪ್ನಿ ದೊಡ್ಡ ಅಳತೆಯದು, ಟ್ರೇಲರಿಗೆ ಕೂರುವುದಿಲ್ಲ. ಅಂದರೆ ಇನ್ನು ಮುಂದೆ ಟ್ರೇಲರಿನ ಯಾವ ಗಾಲಿ ಹೋದರೂ ಯಂತ್ರ ಅಲ್ಲೇ ಕೂರಬೇಕು. ಚಾಚಾ ಜಾಕು ಇಳಿಸುತ್ತ ಇದನ್ನು ಹೇಳಿದರು, ನಾನು ಹೂಂ ಎಂದೆ. ಹಿಪ್ಪರಗಿಯಲ್ಲಿ ನಿಲ್ಲಲಿಲ್ಲ, ಸಿಂದಗಿಯಲ್ಲೂ ನಿಲ್ಲಲಿಲ್ಲ.

ಯಂಕಂಚಿಯ ದಾರಿಯಲ್ಲಿ ಒಬ್ಬರು ಕೈಯೆತ್ತಿ ನಿಂತಿದ್ದರು. ಬಾವಿಯ ಹೊಲದ ಮಾಲಕರು. ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು, ಮೊಣಕಾಲಿನವರೆಗೆ ಎರೆಮಣ್ಣು. ಬಾವಿ ಅಲ್ಲಿಂದ ಅರ್ಧ ಮೈಲಿ ಒಳಗೆ. ಮೊದಲು ಗಾಡಿದಾರಿ, ಆಮೇಲೆ ಅವರ ಹೊಲ. ಹಿಂದಿನ ದಿನ ಉತ್ತರಿ ಮಳೆ ಹೊಡೆದಿತ್ತು. ಬಾವಿಯ ಗೋಡೆ ಸಡಿಲವಾಗಿ ಕಲ್ಲು ಕಳಚಿದ್ದೂ ಆ ಮಳೆಯಿಂದಲೇ.

"ನೀರ ಬರಾಕತ್ತೈತ್ರಿ," ಎಂದರು ಮಾಲಕರು. "ಮುಂಜಾನಿ ಮೊಣಕಾಲಿಗಿತ್ತು, ಈಗ ತೊಡಿಗಿ ಬಂದೈತಿ. ಮಂದಿ ನಿಂತು ಕೊಡದಲೆ ಎತ್ತಿ ಚೆಲ್ಲಾಕತ್ತಾರ. ಅವನ್ನ ಕುಂತಗೊಂಡಂಗ ಹಿಡದಾನ್ರೀ ಅವನ ತಮ್ಮ."

ಚಾಚಾ ಕಲ್ಲು ನೋಡಲು ಅವರೊಡನೆ ಮುಂದೆ ನಡೆದರು. ಓವರ್ಸಿಯರರೂ ನಾನೂ ಹಾರೆ ಹಿಡಿದು ದಾರಿ ನೋಡತೊಡಗಿದೆವು. ಯಂತ್ರವನ್ನು ರಸ್ತೆಯಲ್ಲೇ ನಿಲ್ಲಿಸಿ ಪೈಪು ಎಳೆಯೋಣವೆಂದರೆ ನಮ್ಮಲ್ಲಿದ್ದ ಪೈಪು ನೂರಡಿ. ಯಂತ್ರ ಬಾವಿಯ ಬಾಯಿಗೇ ಹೋಗಬೇಕು.

ಗಾಡಿದಾರಿಯಲ್ಲಿ ಹಾರೆ ಊರಿದರೆ ಎರಡು ಬೆರಳು ಕೆಸರು, ಅದರ ಕೆಳಗೆ ಗಟ್ಟಿ ಗರಸು ಟಣ್ ಎನ್ನುತ್ತಿತ್ತು. ಇಂಥಲ್ಲಿ ಹವಾ ಇಳಿಸಬಾರದು. ಗಟ್ಟಿ ಟಾಯರು ಕೆಸರನ್ನು ಸೀಳಿ ಕೆಳಗಿನ ನೆಲ ಹಿಡಿಯುತ್ತದೆ. ಮೆತ್ತಗಿನದು ಕೆಸರಿನ ಮೇಲೆಯೇ ಚಪ್ಪಟೆಯಾಗಿ ಕೂತು ಜಾರುತ್ತದೆ. ಆದರೆ ಹೊಲದ ಬದುವಿನ ಆಚೆ ಹಾರೆ ಊರಿದಾಗ ಅದು ಮೊಳದುದ್ದ ಒಳಗಿಳಿಯಿತು, ಕಿತ್ತರೆ ಕಚ್ಚಿಕೊಂಡು ಬಂತು. ಹಿಂಗಾರಿ ಜೋಳ ಬಿತ್ತಲು ಹರಗಿ ಹಸನು ಮಾಡಿದ ಎರೆ. ಮಳೆ ಕುಡಿದು ಬೆಣ್ಣೆಯಾಗಿತ್ತು. ಇಲ್ಲಿ ಕೆಳಗೆ ಹಿಡಿಯಲು ನೆಲವೇ ಇಲ್ಲ. ಮೇಲೆ ತೇಲಬೇಕು.

ಎಷ್ಟು ಇಳಿಸುವುದು ಎಂಬುದೇ ಪ್ರಶ್ನೆ. ಹೊಲಗಳಲ್ಲಿ ನಾನು ಸಾಮಾನ್ಯವಾಗಿ ನಲವತ್ತಕ್ಕೆ ಇಳಿಸಿ ದಾಟುತ್ತಿದ್ದೆ. ಅದಕ್ಕಿಂತ ಕೆಳಗೆ ಹೋದರೆ ಎರಡು ಭಯ. ಟಾಯರಿನ ಅಂಚು ರಿಮ್ಮಿನ ಮೇಲಿನ ಬಿಗಿ ಬಿಡುತ್ತದೆ. ಎಂಜಿನ್ನು ಜೋರು ಕೊಟ್ಟಾಗ ರಿಮ್ಮು ತಿರುಗುತ್ತದೆ, ಟಾಯರು ಹಿಂದೆ ಉಳಿಯುತ್ತದೆ, ನಡುವೆ ಟೂಬಿನ ವಾಲ್ವು ಬುಡಸಹಿತ ಕಿತ್ತುಬರುತ್ತದೆ. ಇನ್ನೊಂದು, ಗಾಲಿ ಅಡ್ಡ ಜಾರಿದರೆ ಟಾಯರು ರಿಮ್ಮಿನಿಂದಲೇ ಕಳಚುತ್ತದೆ. ಟ್ರೇಲರಿಗೆ ಸ್ಟೆಪ್ನಿ ಇಲ್ಲ. ಓವರ್ಸಿಯರರಿಗೆ ಇದೆಲ್ಲ ಗೊತ್ತಿತ್ತು. "ನಲವತ್ತಕ್ಕ ನೋಡೂಣು," ಎಂದರು. ನನಗೂ ಅದೇ ಸರಿ ಎನಿಸಿತು. ಬದುವಿನವರೆಗೆ ಗಾಡಿ ತಂದು, ಹವಾ ಇಳಿಸಿ, ಬದು ಕಡಿದು ದಾರಿ ಮಾಡಿದೆವು.

ಹೊಲದೊಳಗೆ ಹೋದ ಲಾರಿ ಒಂದು ಅಂಗಳದಷ್ಟು ದೂರ ಚೆನ್ನಾಗಿ ಹೋಯಿತು. ಆಮೇಲೆ ಸ್ಟೇರಿಂಗು ಹಗುರವಾಯಿತು, ಎಂಜಿನ್ನಿನ ಸದ್ದು ಏರಿತು, ಲಾರಿ ಮಾತ್ರ ನಿಂತಿತು. ಇಳಿದು ನೋಡಿದರೆ ಹಿಂದಿನ ಗಾಲಿಗಳಿಗೆ ಮಣ್ಣು ಮೆತ್ತಿ ಟಾಯರಿನ ಹಲ್ಲುಗಳೇ ಕಾಣುತ್ತಿರಲಿಲ್ಲ. ಜೋಡು ಗಾಲಿಗಳ ನಡುವಿನ ಸಂದಿಯೂ ಮುಚ್ಚಿ ಎರಡೂ ಸೇರಿ ಒಂದು ಮಣ್ಣಿನ ಬೀಸುಕಲ್ಲಿನಂತಾಗಿದ್ದವು. ಟ್ರೇಲರಿನ ಗಾಲಿಗಳು ದನ ಕಟ್ಟುವ ಗೂಟ ಊರಿದಂತೆ ನೇರ ಕೆಳಗಿಳಿದಿದ್ದವು.

ಊರವರು ಎತ್ತು ತಂದರು. ಜೋಡಿಗೆ ಜೋಡಿ ಕಟ್ಟಿ ಲಾರಿಯ ಮುಂದೆ ಹೂಡಿದರು. ಎತ್ತುಗಳು ಎಳೆದವು, ಕಾಲು ಹೂತವು. ಒಂದು ಎತ್ತು ಮುಂಗಾಲು ಮಡಚಿ ಬಿತ್ತು. ಅದರ ಮೂಗಿನಿಂದ ಬರುತ್ತಿದ್ದ ಉಸಿರಿನ ಸದ್ದು ಕೇಳಲಾಗದೆ ಮಾಲಕರೇ ಹಗ್ಗ ಬಿಚ್ಚಿಸಿದರು. "ಬ್ಯಾಡ್ರೋ. ಇವು ಸಾಯತಾವ," ಎಂದರು.

ಅಷ್ಟರಲ್ಲಿ ಚಾಚಾ ಬಾವಿಯಿಂದ ತಿರುಗಿ ಬಂದರು. ಜೊತೆಗೆ ಒಬ್ಬ ಹೆಣ್ಣುಮಗಳು. ಸೀರೆಯ ಸೆರಗನ್ನು ನಡುವಿಗೆ ಬಿಗಿದಿದ್ದಳು. ಅಳುತ್ತಿರಲಿಲ್ಲ. ಬಾವಿಯಲ್ಲಿ ಸಿಕ್ಕವನ ಹೆಂಡತಿ ಎಂದು ಚಾಚಾ ಹೇಳಿದರು. ಅವಳು ಸ್ವಲ್ಪ ದೂರ ನಿಂತ ಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಂವನ ಇಕಿನ್ನ ಕಳಿಸ್ಯಾನ. ಅಕಿ ಮ್ಯಾಲ ಕುಂತು ನೋಡಾಕತ್ರ ನನಗ ಧೈರ್ಯ ಹೋಗತೈತಿ ಚಾಚಾ, ಅಕಿಗಿ ಏನರ ಕೆಲಸಾ ಹಚ್ರಿ ಅಂದಾ. ಏನರ ಹಚ್ಚು."

"ಕಲ್ಲ ಹ್ಯಾಂಗೈತ್ರಿ?"

"ಮೊಣಕಾಲ ಕೆಳಗ ಪೂರಾ ಕುಂತೈತಿ. ಅಡ್ಡ ಒಂದ ಗೆರಿ ಐತಿ ಕಲ್ಲಿಗೆ, ಆ ಗೆರಿ ಹಿಡದ ಸೀಳಬಹುದು. ಮಷಿನ್ ಬಂದ್ರ ತಾಸಿನ ಕೆಲಸ. ನೀರ ಸೊಂಟಕ್ಕ ಬಂದೈತಿ."

ನಾವು ಮೂವರೂ ಲಾರಿಯ ಹಿಂದೆ ನಿಂತೆವು. ನಾನು ಗಾಲಿಯನ್ನೇ ನೋಡುತ್ತಿದ್ದೆ. ಆಗ ಮನಸ್ಸಿಗೆ ಬಂದದ್ದು ಭೀಮಾ ನದಿಯ ಮರಳು. ದೇವಣಗಾಂವ ಕಡೆ ಬೇಸಿಗೆಯಲ್ಲಿ ನದಿಯ ಪಾತ್ರದಲ್ಲಿ ಲಾರಿ ಇಳಿಸುವ ಡ್ರೈವರುಗಳು ಟಾಯರು ಹೊಟ್ಟೆ ಬಿಡುವಷ್ಟು ಹವಾ ಬಿಡುತ್ತಿದ್ದರು. ಒಂಟೆಯ ಪಾದದಂತೆ ಅಗಲವಾಗಿ ಮರಳಿನ ಮೇಲೆ ಹೆಜ್ಜೆ ಇಟ್ಟಂತೆ ಗಾಡಿ ನಡೆಯುತ್ತಿತ್ತು. ಎರೆ ಮರಳಲ್ಲ, ಅಂಟುತ್ತದೆ. ಆದರೂ ಭಾರ ಹರಡುವ ಮಾತು ಎರಡಕ್ಕೂ ಒಂದೇ. ನಲವತ್ತು ಪೌಂಡಿನಲ್ಲಿ ಅಂಗೈಯಗಲ ಊರುವ ಗಾಲಿ ಅದರ ಅರ್ಧಕ್ಕಿಳಿದರೆ ಮೊರದಗಲ ಊರುತ್ತದೆ.

"ಟ್ರೇಲರ್ ಹದಿನೆಂಟಕ್ಕ ಇಳಸ್ತೇನಿ," ಎಂದೆ. "ಲಾರಿ ಹಿಂದಿನೂ ಇಪ್ಪತ್ತೈದಕ್ಕ. ವಾಲ್ ಕಿತ್ರ ಮುಗೀತು. ಟಾಯರ್ ಬ್ಯಾರೆ ಇಲ್ರಿ ಸಾಹೇಬ್ರ."

ಓವರ್ಸಿಯರರು ಆ ಹೆಣ್ಣುಮಗಳ ಕಡೆಗೊಮ್ಮೆ ನೋಡಿದರು. ಆಗ ಟಾಯರೆಂದರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ವಸ್ತು. ಒಂದು ಹಾಳಾದರೂ ಕೇಳುವವರು ನೂರು ಪ್ರಶ್ನೆ ಕೇಳುತ್ತಿದ್ದರು. "ಹೋದ್ರ ನಾ ಕೆಡಸೇನಿ ಅಂತ ಬರೀತೇನಿ," ಎಂದರು. "ಇಳಸ್ರಿ."

ಹವಾ ಬಿಡುವ ಮೊದಲು ಮಾಡಬೇಕಾದ ಕೆಲಸಗಳಿದ್ದವು. ಲಾರಿಯ ಮೇಲಿದ್ದ ಸಾಮಾನೆಲ್ಲ ಇಳಿಸಿ ಊರವರಿಗೆ ಹೊರಿಸಿದೆವು. ಗಾಲಿಯ ಮುಂದಿನ ಮಣ್ಣು ಕೆತ್ತಿ ಇಳಿಜಾರು ಮಾಡಿದೆವು. ಜೋಡು ಗಾಲಿಗಳ ಸಂದಿಯ ಮಣ್ಣನ್ನು ಹಾರೆಯಿಂದ ಕಿತ್ತೆವು. ಹವಾ ಕಡಿಮೆಯಾದಾಗ ಎರಡು ಟಾಯರುಗಳ ಮಗ್ಗುಲು ಒಂದಕ್ಕೊಂದು ತಿಕ್ಕುತ್ತವೆ, ನಡುವೆ ಕಲ್ಲೊಂದು ಉಳಿದರೆ ಎರಡನ್ನೂ ತಿನ್ನುತ್ತದೆ. ಮಾಲಕರು ಹೋಗಿ ತಮ್ಮ ಬಣವಿಯಿಂದ ಜೋಳದ ಕಣಿಕೆ ಹೊರಿಸಿ ತಂದರು. ದನಗಳ ವರ್ಷದ ಮೇವು ಅದು. ಯಾರೂ ಕೇಳಿರಲಿಲ್ಲ. ಸೂಡುಗಳನ್ನು ಬಿಚ್ಚಿ ಬಾವಿಯವರೆಗೂ ಎರಡು ಸಾಲು ಹಾಸುತ್ತ ಹೋದರು.

ವಾಲ್ವಿನ ಪಿನ್ನು ಒತ್ತಿದರೆ ಸುಯ್ಯೆಂದು ಹವಾ ಹೋಗುತ್ತದೆ. ಆ ಸದ್ದಿಗೆ ಹೆಣ್ಣುಮಗಳು ಹತ್ತಿರ ಬಂದಳು.

"ಯಣ್ಣಾ, ಗಾಳಿ ಯಾಕ ಬಿಡಾಕತ್ತೀ? ಗಾಲಿ ಸಾಯಂಗಿಲ್ಲೇನು?"

ಅವಳಿಗೆ ಹಚ್ಚುವ ಕೆಲಸ ಆಗ ಹೊಳೆಯಿತು. "ತಂಗೀ, ಇಲ್ಲಿ ನೋಡು. ಈ ಹಿತ್ತಾಳಿ ನಳಗಿ ಈಗ ನೆಟ್ಟಗ ನಿಂತೈತಿಲ್ಲೊ? ಗಾಡಿ ಹೊಂಟಾಗ ನೀ ಇದರ ಬಾಜೂಕ ನಡಿ. ಇದು ಒಂದ ಕಡಿ ವಾಲಿತು ಅಂದ್ರ ನಿಂದರು ಅಂತ ಒದರು. ನನಗ ಒಳಗಿಂದ ಕಾಣೂದಿಲ್ಲ."

"ಗಾಲಿ ತಿರಗತೈತಿ. ನಳಗೀನೂ ತಿರಗತೈತಿ."

"ತಿರಗಲಿ. ನಳಗಿ ಬುಡಾ ಅಷ್ಟ ನೋಡು, ಸಂದಿನ್ಯಾಗ ನೆಟ್ಟಗೈತೊ ಇಲ್ಲೊ."

ಅವಳು ಕೂತು ವಾಲ್ವಿನ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಲಾರಿಯ ಹಿಂದಿನ ಬಲಗಡೆಯ ಗಾಲಿಗೆ ಓವರ್ಸಿಯರರೇ ನಿಂತರು, ಎಡಗಡೆಗೆ ಅವಳು. ಒಳಗಿನ ಗಾಲಿಗಳ ವಾಲ್ವು ಹೊರಗೆ ಕಾಣುವುದಿಲ್ಲ. ಅವುಗಳ ಮೇಲೆ ಭರವಸೆ ಇಡುವುದೊಂದೇ ಉಳಿದಿತ್ತು.

ಮೊದಲ ಗೇರಿನಲ್ಲಿ, ಎಂಜಿನ್ನು ಹೆಚ್ಚು ಒದರದಂತೆ, ಕ್ಲಚ್ಚನ್ನು ಹಸುವಿನ ಕೆಚ್ಚಲಿಗೆ ಕೈ ಹಾಕಿದಷ್ಟು ಮೆತ್ತಗೆ ಬಿಟ್ಟೆ. ಲಾರಿ ಒಂದು ಸಲ ತೂಗಿತು. ಆಮೇಲೆ ಮೆಲ್ಲಗೆ ಎದ್ದಿತು. ಕಣಿಕೆ ಮುರಿಯುವ ಸದ್ದು ಕೇಳಿತು. ಸ್ಟೇರಿಂಗನ್ನು ನಾನು ಬಹುತೇಕ ತಿರುಗಿಸಲೇ ಇಲ್ಲ, ಬ್ರೇಕಿನ ಮೇಲೆ ಕಾಲಿಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಟ್ರೇಲರಿನ ಗಾಲಿಗಳು ಬಸುರಿಯಂತೆ ಹೊಟ್ಟೆ ಬಿಟ್ಟು ಹೊರಳುತ್ತಿದ್ದವು, ಆದರೆ ಮೇಲೇ ಇದ್ದವು. ಹಿಂದೆ ಬಿದ್ದ ಗಾಲಿಯ ಜಾಡು ಅಗಲವಾಗಿತ್ತು, ಆಳವಿರಲಿಲ್ಲ.

ಅರ್ಧ ಹೊಲ ದಾಟಿದ್ದೆವು. ಎಡಗಡೆಯಿಂದ ಅವಳ ದನಿ ಬಂತು. "ನಿಂದರ್ರಿ, ನಿಂದರ್ರಿ. ವಾಲೈತಿ."

ಕ್ಲಚ್ಚು ಒತ್ತಿದೆ. ಲಾರಿ ತಾನಾಗಿ ನಿಂತಿತು. ಇಳಿದು ನೋಡಿದೆ. ವಾಲ್ವು ಪೆಟ್ಟು ತಪ್ಪಿ ಬಾಗಿದ ಮೊಳೆಯಂತೆ ಓರೆಯಾಗಿತ್ತು. ಇನ್ನೊಂದು ಮಾರು ಹೋಗಿದ್ದರೆ ಕಿತ್ತೇಬಿಡುತ್ತಿತ್ತು. ಚಾಚಾ ಟ್ರೇಲರಿನ ಮೇಲಿದ್ದ ಕಂಪ್ರೆಸರನ್ನು ಅಲ್ಲೇ ಚಾಲೂ ಮಾಡಿದರು. ಡ್ರಿಲ್ಲಿನ ಗಾಳಿ ಪೈಪಿನ ತುದಿಗೆ ಹವಾ ತುಂಬುವ ಸಣ್ಣ ಮೂತಿಯೊಂದನ್ನು ಅವರು ಮೊದಲೇ ಮಾಡಿಟ್ಟುಕೊಂಡಿದ್ದರು. ಜಾಕಿನ ಕೆಳಗೆ ಹಲಗೆ ಕೊಟ್ಟು ಗಾಲಿ ಎತ್ತಿ, ಪೂರ್ತಿ ಹವಾ ಬಿಟ್ಟು, ಟಾಯರನ್ನು ಕೈಯಿಂದ ಹಿಂದಕ್ಕೆ ಸರಿಸಿ ವಾಲ್ವು ನೆಟ್ಟಗೆ ಮಾಡಿದೆವು. ಹಿಂದಿನ ಗಾಲಿಗಳಿಗೆಲ್ಲ ಮೂವತ್ತು ತುಂಬಿದೆವು. ಎಂಜಿನ್ನಿನ ಜೋರು ತಿನ್ನುವ ಗಾಲಿಗೆ ಇಪ್ಪತ್ತೈದು ಸಾಲದು, ಸುಮ್ಮನೆ ಉರುಳುವ ಟ್ರೇಲರಿಗೆ ಹದಿನೆಂಟು ಸಾಕು. ಅದು ಆ ಹೊಲದಲ್ಲಿ ತಿಳಿಯಿತು.

ಆಮೇಲೆ ಬಾವಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಅವಳು ಬಾಗಿಯೇ ನಡೆದಳು, ಒಮ್ಮೆಯೂ ಬಾವಿಯ ಕಡೆಗೆ ಕತ್ತೆತ್ತಲಿಲ್ಲ.

ನಾನು ಬಾವಿಯ ಅಂಚಿಗೆ ಹೋಗಿ ಕೆಳಗೆ ನೋಡಿದೆ. ಕೆಸರು ನೀರಿನಲ್ಲಿ ಎದೆಯವರೆಗೆ ಮುಳುಗಿ ಒಬ್ಬ ಗಂಡಸು ಕೂತಿದ್ದ. ಅವನ ಬೆನ್ನಿಗೆ ಬೆನ್ನು ಕೊಟ್ಟು ತಮ್ಮ. ಕಲ್ಲಿಗೆ ಸಿಕ್ಕವನೇ ಮೇಲೆ ನೋಡಿ, "ಬಂತೇನ್ರಿ ಮಷಿನ್?" ಎಂದ, ಬಸ್ಸು ಬಂತೇ ಎಂದು ಕೇಳಿದ ಹಾಗೆ.

"ಬಂತಪಾ," ಎಂದೆ.

ಚಾಚಾ ಹಗ್ಗ ಹಿಡಿದು ಇಳಿದರು. ಡ್ರಿಲ್ಲು ಹಚ್ಚಿದರೆ ಕಲ್ಲಿನ ನಡುಕ ನೇರ ಕಾಲಿಗೆ ಹೋಗುತ್ತದೆ. ಆದ್ದರಿಂದ ಒಂದೇ ಸಮ ಕೊರೆಯದೆ ಬಿಟ್ಟು ಬಿಟ್ಟು ಕೊರೆದರು. ಮೇಲೆ ಕಂಪ್ರೆಸರಿನ ಹತ್ತಿರ ನಿಂತ ನನಗೆ ಅವರ ದನಿ ಕೇಳುತ್ತಿತ್ತು. "ಹಿಡೀಲೇನಪಾ?" ಎನ್ನುವರು. ಸ್ವಲ್ಪ ಹೊತ್ತಿಗೆ, "ಹಿಡೀರಿ ಚಾಚಾ," ಎಂಬ ಉತ್ತರ ಬರುತ್ತಿತ್ತು. ಪ್ರತಿ ತೂತಿಗೂ ಹೀಗೆ ಕೇಳಿಯೇ ಕೊರೆದರು. ಒಂದು ಸಲ ಉತ್ತರ ಬಹಳ ತಡವಾಯಿತು. ಹೆಂಡತಿ ಅಂಚಿಗೆ ಬಂದು ಕೂತು, "ಹಿಡೀಲಿ ಅನ್ನು," ಎಂದು ಕೆಳಗೆ ಕೂಗಿದಳು. ಅವನು ಅಂದ.

ತೂತುಗಳಲ್ಲಿ ಬೆಣೆ ಇಟ್ಟು ಒಂದೊಂದಕ್ಕೂ ಸುತ್ತಿನ ಮೇಲೆ ಸುತ್ತು ಹದವಾಗಿ ಬಡಿದರು. ಕಲ್ಲು ಸೀಳಿದ ಸದ್ದು ಒಣ ಹಲಗೆ ಮುರಿದಂತೆ ಬಂತು. ಮೇಲಿನ ಭಾಗಕ್ಕೆ ಹಗ್ಗ ಹಾಕಿ ಆಚೆಗೆ ಉರುಳಿಸಿದರು. ಅವನನ್ನು ಹೊರಸು ಮಂಚದ ಮೇಲೆ ಕಟ್ಟಿ ಮೇಲಕ್ಕೆತ್ತಿದಾಗ ಬಿಸಿಲು ಓರೆಯಾಗಿತ್ತು. ಮೊಣಕಾಲಿನ ಕೆಳಗೆ ಏನಾಗಿದೆಯೆಂದು ನೋಡದವರೇ ಜಾಣರು. ಕಲ್ಲು ಎದ್ದ ಕೂಡಲೇ ರಕ್ತ ಹರಿಯತೊಡಗಿತ್ತು. ಚಾಚಾ ತಮ್ಮ ರುಮಾಲನ್ನು ತೊಡೆಗೆ ಬಿಗಿದಿದ್ದರು.

ಈಗ ಇನ್ನೊಂದು ಲೆಕ್ಕ ಎದುರಾಯಿತು. ಟ್ರೇಲರನ್ನು ಅಲ್ಲೇ ಬಿಟ್ಟು ಲಾರಿಯಲ್ಲಿ ಅವನನ್ನು ಒಯ್ಯಬೇಕು. ಸಿಂದಗಿಗೆ, ಅಲ್ಲಿಂದ ಬಹುಶಃ ವಿಜಾಪುರಕ್ಕೆ. ಹೊಲ ದಾಟಲು ಮೆತ್ತಗಿನ ಗಾಲಿ ಬೇಕು, ಖಡಿ ರಸ್ತೆಗೆ ಗಟ್ಟಿ ಗಾಲಿ ಬೇಕು, ಹವಾ ತುಂಬುವ ಯಂತ್ರ ಮಾತ್ರ ಬಾವಿಯ ಹತ್ತಿರವೇ ಉಳಿಯುತ್ತದೆ. ರಸ್ತೆಗೆ ಹೋಗಿ ಹಿಂದಿನ ನಾಲ್ಕೂ ಗಾಲಿಗೆ ಕೈಪಂಪಿನಲ್ಲಿ ತುಂಬುತ್ತ ಕೂರುವಷ್ಟು ಹೊತ್ತು ಅವನಲ್ಲಿರಲಿಲ್ಲ. ಇಲ್ಲೇ ಪೂರ್ತಿ ತುಂಬಿಕೊಂಡರೆ ಹೊಲದಲ್ಲಿ ಹೂಳುತ್ತೇವೆ.

"ಈಗ ಟ್ರೇಲರ್ ಇಲ್ಲ," ಎಂದರು ಓವರ್ಸಿಯರರು. "ಖಾಲಿ ಲಾರಿ. ಭಾರ ಕಡಿಮಿ ಆದ್ರ ಹವಾನೂ ಕಡಿಮಿ ಸಾಕಲ್ಲೇನ್ರಿ?"

ನಾನೂ ಅದನ್ನೇ ತೂಗುತ್ತಿದ್ದೆ. ಖಾಲಿ ಲಾರಿಯ ಹಿಂದಿನ ಗಾಲಿಗೆ ಅರವತ್ತೈದು ಬೇಕಿಲ್ಲ. ನಲವತ್ತರಲ್ಲಿ ನಿಧಾನವಾಗಿ ಹೋದರೆ ರಸ್ತೆಯಲ್ಲಿ ಕಾಯಲಿಕ್ಕಿಲ್ಲ. ಹೊಲದಲ್ಲಿ ನಮ್ಮದೇ ಜಾಡು ಒತ್ತಿ ಗಟ್ಟಿಯಾಗಿದೆ, ಕಣಿಕೆ ಇದೆ; ಆದರೂ ನಲವತ್ತರಲ್ಲಿ ಮೊದಲು ಹೂತದ್ದು ಕಣ್ಣ ಮುಂದಿತ್ತು. ಇನ್ನೊಂದು ಮಾತೂ ಇತ್ತು. ಗಟ್ಟಿ ಗಾಲಿಯ ಖಾಲಿ ಲಾರಿ ಖಡಿಯ ಮೇಲೆ ಮೇಕೆಯಂತೆ ಪುಟಿಯುತ್ತದೆ. ಪ್ರತಿ ಪುಟಿತವೂ ಆ ಕಾಲಿಗೆ ಹೋಗುತ್ತದೆ.

ಮೂವತ್ತೈದು ತುಂಬಿದೆವು. ಹೊಲಕ್ಕೆ ಸ್ವಲ್ಪ ಹೆಚ್ಚು, ರಸ್ತೆಗೆ ಸ್ವಲ್ಪ ಕಡಿಮೆ. ಲಾರಿಯ ಹಿಂಬದಿ ಹೆಚ್ಚು ಎತ್ತಿಹಾಕುತ್ತದೆಂದು ಅವನನ್ನು ಕ್ಯಾಬಿನ್ನಿನ ಗೋಡೆಗೆ ಒತ್ತಿದಂತೆ, ಕಣಿಕೆ ಹಾಸಿ, ಮೇಲೆ ಮಾಲಕರ ಮನೆಯ ಕೌದಿಗಳನ್ನು ಹಾಸಿ ಮಲಗಿಸಿದೆವು. ಅವನ ತಮ್ಮ ಕಾಲು ಹಿಡಿದು ಕೂತ, ಹೆಂಡತಿ ತಲೆ ಹಿಡಿದು ಕೂತಳು. ಚಾಚಾ ಯಂತ್ರದ ಹತ್ತಿರ ಉಳಿದರು.

ಹೊಲದ ನಡುವೆ ಒಂದೆಡೆ ಹಿಂದಿನ ಗಾಲಿ ಬಳುಕಿತು. ಎಂಜಿನ್ನು ಏರಿಸುವ ಆಸೆಯನ್ನು ತಡೆದುಕೊಂಡೆ. ಏರಿಸಿದರೆ ಗಾಲಿ ತೋಡುತ್ತದೆ. ಲಾರಿ ಉಸಿರು ಹಿಡಿದಂತೆ ನಡುಗಿ, ಜಾಡಿನ ಮೇಲೆ ತಾನೇ ಹತ್ತಿಕೊಂಡಿತು. ಬದು ದಾಟಿದ ಮೇಲೆ ನನ್ನ ಅಂಗಿ ಬೆನ್ನಿಗೆ ಅಂಟಿದ್ದು ತಿಳಿಯಿತು.

ಸಿಂದಗಿಯ ದವಾಖಾನೆಯಲ್ಲಿ ಡಾಕ್ಟರು ಲಾರಿಯ ಮೇಲೇ ಹತ್ತಿ ನೋಡಿದರು. ನೋವಿನ ಇಂಜೆಕ್ಷನ್ ಕೊಟ್ಟು, ಕಾಲಿಗೆ ಹಲಗೆ ಕಟ್ಟಿ, "ಇಲ್ಲಿ ಆಗೂದಿಲ್ಲ, ವಿಜಾಪುರಕ್ಕ ಹೋಗ್ರಿ. ಜೋರ ಹೊಡೀಬ್ಯಾಡ್ರಿ, ತಡಾನೂ ಮಾಡಬ್ಯಾಡ್ರಿ," ಎಂದರು. ಎರಡೂ ಮಾತು ಒಟ್ಟಿಗೆ ಕೇಳಿ ನನಗೆ ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಟಾಯರುಗಳು ನನಗೆ ಹೇಳುತ್ತಿದ್ದದ್ದೂ ಅದನ್ನೇ.

ಸೈಕಲ್ಲಿಗಿಂತ ಸ್ವಲ್ಪ ಜೋರು, ಅಷ್ಟೇ. ಆಗಾಗ ನಿಲ್ಲಿಸಿ ಟಾಯರಿನ ಮಗ್ಗುಲಿಗೆ ಅಂಗೈ ಇಟ್ಟು ನೋಡುತ್ತಿದ್ದೆ. ಕೈ ಇಟ್ಟು ಸಾವಕಾಶ ಉಸಿರಾಡುವಷ್ಟು ಹೊತ್ತು ಇಡಲಾದರೆ ಅಡ್ಡಿಯಿಲ್ಲ. ಸುಟ್ಟು ತೆಗೆಯುವಂತಾದರೆ ನಿಲ್ಲಬೇಕು. ಹಿಪ್ಪರಗಿಗೆ ಬರುವಷ್ಟರಲ್ಲಿ ಹಿಂದಿನ ಹೊರಗಿನ ಎರಡೂ ಗಾಲಿ ಸುಡತೊಡಗಿದ್ದವು. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ.

"ಯಾಕ ನಿಂದರಿಸಿದಿ ಯಣ್ಣಾ?" ಮೇಲಿನಿಂದ ಅವಳು ಕೇಳಿದಳು.

"ಗಾಲಿ ಕಾದಾವ ತಂಗಿ. ಸ್ವಲ್ಪ ಹವಾ ಹಾಕಬೇಕು. ಇಲ್ಲಾಂದ್ರ ದಾರ್ಯಾಗ ಒಡೀತಾವ."

ನಿಂತಿದ್ದ ಬಸ್ಸಿನ ಡ್ರೈವರರು ಬಂದು ಏನೆಂದು ಕೇಳಿದರು. ನಾನು ಹೇಳುವ ಮೊದಲೇ ಲಾರಿಯೊಳಗೆ ಇಣುಕಿದರು. ತಿರುಗಿ ಹೋಗಿ ತಮ್ಮ ಬಸ್ಸಿನ ದೊಡ್ಡ ಪಂಪು ತಂದರು. ಸಂತೆ ಮುಗಿಸಿ ಬಸ್ಸು ಹತ್ತಿದ್ದ ಮಂದಿಯೂ ಇಳಿದರು. ಒಬ್ಬರು ದಣಿದರೆ ಇನ್ನೊಬ್ಬರು ಪಂಪಿನ ಹಿಡಿ ಹಿಡಿದರು. ಮಸೀದಿಯಿಂದ ಬಂದ ಹಿರಿಯರೊಬ್ಬರು ಟೋಪಿ ತೆಗೆದು ಜೇಬಿಗಿಟ್ಟುಕೊಂಡು ಸರದಿಗೆ ನಿಂತರು. ತಲೆಯ ಮೇಲೆ ಬುಟ್ಟಿಯಿದ್ದ ಒಬ್ಬ ಹೆಂಗಸು ಲಾರಿಯ ಮೇಲಿದ್ದವಳಿಗೆ ರೊಟ್ಟಿ, ಒಂದು ಗಿಂಡಿ ನೀರು ಕೊಟ್ಟಳು. ಹಿಂದಿನ ಗಾಲಿಗಳನ್ನು ನಲವತ್ತೆರಡಕ್ಕೆ ಏರಿಸಿದೆವು. ಬಸ್ಸು ತಡವಾಯಿತೆಂದು ಯಾರೂ ಅನ್ನಲಿಲ್ಲ.

ರಾತ್ರಿ ಊಟದ ಹೊತ್ತು ಮೀರಿದ ಮೇಲೆ ವಿಜಾಪುರ ಮುಟ್ಟಿದೆವು. ಅವನನ್ನು ಒಳಗೆ ಒಯ್ದರು. ಕಾಲು ಉಳಿಯಲಿಲ್ಲ, ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು. ಡಾಕ್ಟರು ಓವರ್ಸಿಯರರಿಗೆ ಇದನ್ನು ಹೇಳುವಾಗ ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಬೆಳಗಿನಿಂದ ಮೊದಲ ಸಲ ಅತ್ತಳು.

ಟಾಯರುಗಳ ಬಗ್ಗೆ ಕೇಳುವವರು ಕೇಳಿದರು. ಲಾರಿಯ ಹಿಂದಿನ ಎರಡು ಟಾಯರುಗಳ ಮಗ್ಗುಲು ತಿಕ್ಕಿ ಒಳಗಿನ ನೂಲು ಕಂಡಿತ್ತು. ಓವರ್ಸಿಯರರು ತಾವು ಹೇಳಿದಂತೆಯೇ ತಮ್ಮ ಹೆಸರಿನಲ್ಲಿ ಬರೆದರು. ಅದಕ್ಕೆ ಏನಾಯಿತೆಂದು ಅವರು ನಮಗೆ ಹೇಳಲಿಲ್ಲ, ನಾವು ಕೆದಕಿ ಕೇಳಲಿಲ್ಲ.

ತೊಗರಿ ರಾಶಿಗಳು ಮುಗಿದ ಮೇಲೆ, ನಾವು ಸಿಂದಗಿಯಲ್ಲಿದ್ದಾಗ, ಅವನು ಹೆಂಡತಿಯೊಡನೆ ಬಂದ. ಕಂಕುಳಲ್ಲಿ ಕೋಲು. ಊರೂರಿಗೆ ಹೋಗಿ ಎಲ್ಲಿ ತೋಡಬೇಕೆಂದು ನೆಲ ನೋಡಿ ಹೇಳುತ್ತೇನೆ, ತೋಡುವುದು ತಮ್ಮ, ಎಂದ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆ ಬಾವಿಯನ್ನೊಮ್ಮೆ ನೋಡಬೇಕಲ್ಲ, ಎಂದ.

ನಮ್ಮ ಲಾರಿ ಮರುದಿನ ಆ ಕಡೆಗೇ ಹೋಗುವುದಿತ್ತು. ಹತ್ತಿಸಿಕೊಂಡು ಹೋದೆವು. ಹೊಲದಲ್ಲಿ ಜೋಳ ತೆನೆ ಬಿಟ್ಟಿತ್ತು, ಬದುವಿನ ಹತ್ತಿರ ಇಳಿದು ನಡೆದೆವು. ಅವನು ಕೋಲೂರುತ್ತ ಎಲ್ಲರಿಗಿಂತ ಮುಂದಿದ್ದ. ಬಾವಿಗೆ ಕಲ್ಲಿನ ಕಟ್ಟಡ ಮುಗಿದಿತ್ತು, ನೀರು ಅರ್ಧದವರೆಗೆ ನಿಂತಿತ್ತು. ಮಾಲಕರು ಅವನನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ ಕೌದಿ ತಂದು ಹಾಸಿದರು, ಕೂರು ಎಂದರು. ಅವನು ಕೂರಲಿಲ್ಲ. ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ ನೀರು ಸೇದಿ ಕೊಡಿರಿ ಎಂದ.

ಮಾಲಕರೇ ಸೇದಿ ಕೊಡವನ್ನು ಬಾಗಿಸಿದರು. ಅವನು ಬೊಗಸೆಯಲ್ಲಿ ಕುಡಿದು, ಬಾಯಲ್ಲಿ ಒಂದು ಕ್ಷಣ ಹಿಡಿದು ನುಂಗಿದ. ನಾವೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು.

"ಸ್ವಲ್ಪ ಸವಳ ಐತ್ರಿ ಮಾಲಕ್ರ," ಎಂದ. "ಜ್ವಾಳಕ್ಕ ಅಡ್ಡಿ ಇಲ್ಲ."